ಕುದುರೆ ಬಿತ್ತು, ಸದ್ದಾಗಲಿಲ್ಲ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಸೀಮೆಯ ತೋಟದ ಮನೆಗಳಲ್ಲಿ ರಿವಾಲ್ವರ್ ಇಟ್ಟುಕೊಂಡಿರುವ ಹಳೇ ಈಡುಗಾರ ಮಿತ್ರರಿಗೆ,



2024ರ ಲೋಕಸಭಾ ಚುನಾವಣೆಗೆ ಮುಂಚೆ ಕೋವಿ ಒಪ್ಪಿಸಲು ಠಾಣೆ ಮುಂದೆ ಸಾಲು ನಿಂತಿದ್ದೆವಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಹೂಮಳೆ ಇನ್ನೂ ಬಂದಿರಲಿಲ್ಲ, ಮಾತೆಲ್ಲ ಅದರದ್ದೇ. ಜೋಡುನಳಿಗೆಗಳು ಗೋಣಿತಾಟು, ಹಳೇ ಬೆಡ್‌ಶೀಟು, ಒಂದೆರಡು ಮಾತ್ರ ಚರ್ಮದ ಚೀಲದಲ್ಲಿ. ನನ್ನ ಮುಂದಿದ್ದ ಹಿರಿಯರ ಹೆಸರು ಬೇಡ. ಓಡುವ ಹಂದಿಗೆ ಈಡು ಹೊಡೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ನಮ್ಮಪ್ಪನ ಕಾಲದಿಂದ ಕೇಳಿಕೊಂಡು ಬಂದವನು ನಾನು. ಅವರು ಸೊಂಟದಿಂದ .32 ರಿವಾಲ್ವರ್ ತೆಗೆದು, ರೈಟರಿಗೆ ನಂಬರು ಕಾಣಲಿ ಅಂತ ಅತ್ತಿತ್ತ ತಿರುಗಿಸಿದರು. ಅದರ ಬಾಯಿ ಮೊದಲು ರೈಟರ ಎದೆ, ಆಮೇಲೆ ಪಕ್ಕದಲ್ಲಿ ನಿಂತಿದ್ದ ಹೋಂಗಾರ್ಡು, ಆಮೇಲೆ ನನ್ನ ಹೊಟ್ಟೆ, ಹೀಗೆ ಮೂವರನ್ನೂ ಸವರಿಕೊಂಡು ಹೋಯಿತು. ನಾನು ಪಕ್ಕಕ್ಕೆ ಸರಿದಿದ್ದು ನೋಡಿ "ಖಾಲಿ ಮಾರಾಯ" ಎಂದರು. ಸಿಲಿಂಡರ್ ಬಿಚ್ಚಿದಾಗ ಒಂದು ತೋಟೆ ಮೇಜಿನ ಮೇಲೆ ಉರುಳಿ ಲೆಡ್ಜರಿಗೆ ತಾಗಿ ನಿಂತಿತು.

ಎಲ್ಲರೂ ನಕ್ಕೆವು. ರೈಟರೂ ನಕ್ಕರು.

ರಾತ್ರಿ ಊಟಕ್ಕೆ ಕೂತಾಗ ನನಗೆ ನಗು ಬರಲಿಲ್ಲ. ಅವರ ಸರದಿ ಮುಗಿದ ಮೇಲೆ ನಾನು ನನ್ನದನ್ನು ಹೇಗೆ ತೆಗೆದೆ ಎಂದು ನೆನಪು ಮಾಡಿಕೊಂಡೆ. ನೆನಪೇ ಬರಲಿಲ್ಲ. ಮೂವತ್ತೊಂದು ವರ್ಷದಿಂದ ಮಾಡುತ್ತಿದ್ದ ಕೆಲಸ, ಕೈ ತನ್ನಷ್ಟಕ್ಕೆ ಮಾಡಿತ್ತು. ಹಾಗೆ ತನ್ನಷ್ಟಕ್ಕೆ ಮಾಡಿದ ಕೈ ಯಾರ ಹೊಟ್ಟೆಯನ್ನು ಸವರಿತ್ತೋ, ನನ್ನ ಹಿಂದೆ ನಿಂತಿದ್ದವರೇ ಹೇಳಬೇಕು. ಆ ಸಾಲಿನಲ್ಲಿ ಹಿಂದಿದ್ದವರು ಈ ಪತ್ರ ಓದುತ್ತಿದ್ದರೆ ದಯವಿಟ್ಟು ಹೇಳಿ.

ಆ ವರ್ಷದ ಮಳೆಗಾಲ ಕಳೆದ ಮೇಲೆ ನಾನೊಂದು ಕೆಲಸ ಮಾಡಿದೆ. ನಿಮ್ಮಲ್ಲಿ ಹಲವರಿಗೆ ಅದು ತಮಾಷೆಯಾಗಿ ಕಂಡಿತು. ಐವತ್ತೊಂಬತ್ತನೇ ವಯಸ್ಸಿನಲ್ಲಿ, ದುಡ್ಡು ಕೊಟ್ಟು, ನಾಲ್ಕು ದಿನ ರಿವಾಲ್ವರ್ ಹಿಡಿಯುವುದನ್ನು ಕಲಿಯಲು ಹೋದೆ. "ಗೌಡ್ರು ಈಗ ಅಕ್ಷರಾಭ್ಯಾಸಕ್ಕೆ ಹೋಗ್ತಾವ್ರೆ" ಅಂತ ಸಂತೆಯಲ್ಲಿ ಯಾರೋ ಅಂದರಂತೆ. ಸರಿಯಾಗೇ ಅಂದಿದ್ದಾರೆ.

ನಾವು ಎಂಥ ಈಡುಗಾರರು ಅಂತ ಮೊದಲು ಪ್ರಾಮಾಣಿಕವಾಗಿ ನೋಡಿಕೊಳ್ಳೋಣ. ಕೇಪಿನ ಕೋವಿಯ ಕಾಲದಿಂದ ನಮ್ಮ ಮನೆಗಳಲ್ಲಿ ಕೋವಿ ಇದೆ. ಕೊಡಗಿನ ಗೆಳೆಯರಿಗಂತೂ ಮಗು ಹುಟ್ಟಿದರೆ ಒಂದು ಈಡು, ಪುತ್ತರಿಯ ಕದಿರು ಕೊಯ್ಯುವಾಗ ಒಂದು ಈಡು, ಕೈಲ್‌ಪೋದ್ ದಿನ ನಳಿಗೆಗೆ ತೋಕ್ ಪೂವು, ಆಮೇಲೆ ತೆಂಗಿನಕಾಯಿಗೆ ಗುಂಡು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಇದೆಲ್ಲ ಉದ್ದ ಕೋವಿಯ ಪರಂಪರೆ. ಭುಜಕ್ಕೆ ಬುಡ ಒತ್ತಿ, ಕೆನ್ನೆ ತಾಗಿಸಿ, ಎರಡೂ ಕೈಯಲ್ಲಿ ಹಿಡಿಯುವ ಆಯುಧದ ಪರಂಪರೆ. ಮೈ, ಕೋವಿ ಎರಡೂ ಸೇರಿ ಒಂದು ಚೌಕಟ್ಟಾಗುತ್ತದೆ. ಇನ್ನು ತೋಟೆಕೋವಿಯಲ್ಲಿ ಚರೆ ಹರಡಿಕೊಂಡು ಹೋಗಿ ನಮ್ಮ ಅರ್ಧ ತಪ್ಪನ್ನು ಮುಚ್ಚಿಬಿಡುತ್ತದೆ.

ರಿವಾಲ್ವರ್ ನಮ್ಮಲ್ಲಿಗೆ ಬಂದಿದ್ದು ಬೇರೆ ದಾರಿಯಲ್ಲಿ. ಕಾಫಿಗೆ ರೇಟು ಬಂದ ವರ್ಷ, ಶನಿವಾರ ಬಟವಾಡೆಗೆ ಬ್ಯಾಂಕಿನಿಂದ ದುಡ್ಡು ತರುವಾಗ ಜೊತೆಗಿರಲಿ ಅಂತ. ಕೆಲವರಿಗೆ ತಾತನ ಕಾಲದ ವೆಬ್ಲಿ, ಹೆಚ್ಚಿನವರಿಗೆ ಕಾನ್ಪುರದ್ದು. ಅದನ್ನು ಕೈಗೆ ತೆಗೆದುಕೊಂಡಾಗ ನಾವು ಯಾರೂ ಇದು ಬೇರೆ ವಿದ್ಯೆ ಅಂದುಕೊಳ್ಳಲಿಲ್ಲ. ಜೀಪು ಓಡಿಸುವವನಿಗೆ ಬೈಕು ಬರುವುದಿಲ್ಲವೇ ಅನ್ನುವ ಹಾಗೆ.

ಒಂದು ಲೆಕ್ಕ ಹೇಳುತ್ತೇನೆ. ನನ್ನ ರಿವಾಲ್ವರಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಹೆಚ್ಚುಕಮ್ಮಿ ಹನ್ನೊಂದು ಸೆಂಟಿಮೀಟರ್ ಅಂತರ. ಮುಂದಿನ ಮೊನೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಒಂಬತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ಸೈಟುಗಳ ನಡುವೆ ಅರವತ್ತು ಸೆಂಟಿಮೀಟರ್ ಇರುವ ರೈಫಲ್ಲಿನಲ್ಲಿ ಅದೇ ಒಂದು ಮಿಲಿಮೀಟರ್ ತಪ್ಪಿಗೆ ಎರಡು ಸೆಂಟಿಮೀಟರೂ ಆಗುವುದಿಲ್ಲ. ಮೂವತ್ತು ಮೀಟರಿನ ತೆಂಗಿನಕಾಯಿಗೆ ಈ ಲೆಕ್ಕ ಹಚ್ಚಿ ನೋಡಿ. ಕಾಯಿ ಹಾಗಿರಲಿ, ಪಕ್ಕದಲ್ಲಿ ಚಪ್ಪಾಳೆ ತಟ್ಟಲು ನಿಂತವರೂ ಜಾಗ ಖಾಲಿ ಮಾಡಬೇಕಾಗುತ್ತದೆ.

ಇನ್ನೊಂದು ಲೆಕ್ಕ ನಾಚಿಕೆಯದ್ದು. ಲೈಸೆನ್ಸ್ ಪುಸ್ತಕದ ಹಿಂಬದಿಯಲ್ಲಿ ತೋಟೆ ಕೊಂಡ ಲೆಕ್ಕ ಇರುತ್ತದಲ್ಲ, ತರಬೇತಿಗೆ ಹೊರಡುವ ಹಿಂದಿನ ರಾತ್ರಿ ಕೂತು ಕೂಡಿಸಿದೆ. ಮೂವತ್ತೊಂದು ವರ್ಷದಲ್ಲಿ ನಾನು ಹೊಡೆದಿದ್ದು ನೂರಾ ಎಂಬತ್ತಕ್ಕೆ ಸ್ವಲ್ಪ ಕಡಿಮೆ. ವರ್ಷಕ್ಕೆ ಆರು. ಅದರಲ್ಲಿ ಆಯುಧಪೂಜೆಯ ದಿನ ಗಾಳಿಗೆ ಹಾರಿಸಿದ್ದೇ ಅರ್ಧ. ಅದೂ ಈಗ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಸಂಭ್ರಮಕ್ಕೆಂದು ಬೇಕಾಬಿಟ್ಟಿ ಹಾರಿಸಿ ಇನ್ನೊಬ್ಬರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹತ್ತು ಮೀಟರ್ ಏರ್ ಪಿಸ್ತೂಲಿನ ಸ್ಪರ್ಧೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಅರ್ಹತಾ ಸುತ್ತೊಂದರಲ್ಲೇ ಅರವತ್ತು ಹೊಡೆಯುತ್ತಾಳೆ. ನನ್ನ ಹತ್ತು ವರ್ಷ ಅವಳಿಗೆ ಒಂದು ಬೆಳಗಿನ ಕೆಲಸ.

ಕಲಿಸಿದವರು ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು, ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಪರವಾನಗಿ ಇದ್ದ ರೇಂಜಿನಲ್ಲಿ ನಾವು ಐದು ಜನ. ಇಬ್ಬರು ಚಿನ್ನದಂಗಡಿಯವರು, ಒಬ್ಬ ಪೆಟ್ರೋಲ್ ಬಂಕಿನ ಮಾಲೀಕ, ಒಬ್ಬ ನಿವೃತ್ತ ಅರಣ್ಯಾಧಿಕಾರಿ, ನಾನು. ಎಲ್ಲರೂ ಇಪ್ಪತ್ತು ವರ್ಷ ದಾಟಿದ 'ಅನುಭವಿ'ಗಳು. ಮೊದಲ ದಿನ ಮಧ್ಯಾಹ್ನದವರೆಗೆ ಒಂದು ಗುಂಡನ್ನೂ ಹೊಡೆಸಲಿಲ್ಲ. ಖಾಲಿ ಆಯುಧ ಎತ್ತುವುದು, ಇಳಿಸುವುದು, ಸಿಲಿಂಡರ್ ತೆಗೆಯುವುದು, ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಿ ಆರು ತೂತನ್ನೂ ಎಣಿಸುವುದು, ಪಕ್ಕದವರಿಗೆ ಕೊಡುವುದು. ಇಷ್ಟೇ. ಎಂಟನೇ ಸಲಕ್ಕೆ ನನಗೆ ಸಿಟ್ಟು ಬಂತು. "ಸುಬೇದಾರ್ರೆ, ನಾವು ಹುಟ್ಟಿದಾಗಿಂದ ಕೋವಿ ಹಿಡಿದವರು" ಅಂದೆ.

"ಗೊತ್ತು ಸರ್. ಬೆರಳು ತೆಗೀರಿ" ಅಂದರು.

ನೋಡಿಕೊಂಡರೆ ತೋರುಬೆರಳು ಟ್ರಿಗರಿನ ಒಳಗೆ. ಅಲ್ಲಿಗೆ ಯಾವಾಗ ಹೋಯಿತೋ ಗೊತ್ತಿಲ್ಲ. ಆ ನಾಲ್ಕು ದಿನದಲ್ಲಿ ಅವರು ನನಗೆ ಹೇಳಿದ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಎರಡು ಪದ. ಬೆರಳು ತೆಗೀರಿ. ಎಡವಿದಾಗ, ಬೆಚ್ಚಿದಾಗ, ಒಂದು ಕೈಯಲ್ಲಿ ಬಾಗಿಲಿನ ಚಿಲಕ ಬಿಗಿಯಾಗಿ ಎಳೆದಾಗ ಇನ್ನೊಂದು ಕೈಯ ಬೆರಳುಗಳೂ ತಾವಾಗಿ ಬಿಗಿಯುತ್ತವೆ. ಹಾಗೆ ಬಿಗಿಯುವಾಗ ತೋರುಬೆರಳು ಎಲ್ಲಿದೆ ಎನ್ನುವುದರ ಮೇಲೆ ಎದುರಿಗಿರುವವರ ಆಯುಷ್ಯ ನಿಂತಿರುತ್ತದೆ. ಆಯುಧ ಯಾವಾಗಲೂ ತುಂಬಿದೆ ಅಂತಲೇ ತಿಳಿ, ನಾಶವಾಗಬಾರದ ಯಾವುದರ ಮೇಲೂ ಅದರ ಬಾಯಿ ಹಾಯಿಸಬೇಡ, ಸೈಟು ಗುರಿಗೆ ಕೂರುವವರೆಗೆ ಬೆರಳು ಹೊರಗಿರಲಿ, ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡಿಕೋ. ಈ ನಾಲ್ಕು ಮಾತನ್ನು ಈ ರೂಪಕ್ಕೆ ತಂದವರು ಅಮೆರಿಕದ ಜೆಫ್ ಕೂಪರ್ ಎಂಬ ಮಾಜಿ ಮರೀನ್ ಅಧಿಕಾರಿ. 1976ರಲ್ಲಿ ಅರಿಜೋನಾದಲ್ಲಿ ಪಿಸ್ತೂಲಿಗೆಂದೇ ಒಂದು ಶಾಲೆ ತೆಗೆದವರು. ನಮಗೆ ನಾಲ್ಕೂ ಬಾಯಿಪಾಠ. ಠಾಣೆಯ ಮೇಜಿನ ಮೇಲೆ ತೋಟೆ ಉರುಳಿಸಿದ ಹಿರಿಯರಿಗೂ ಬಾಯಿಪಾಠವೇ.

ಈ ಪತ್ರಕ್ಕೆ ತಲೆಬರಹ ಕೊಟ್ಟ ಸಂಗತಿ ಎರಡನೇ ದಿನದ್ದು.

ಹತ್ತು ಮೀಟರಿನಲ್ಲಿ ಊಟದ ತಟ್ಟೆಯಷ್ಟು ಅಗಲದ ವೃತ್ತ. ನನ್ನ ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ. ನಾನೊಂದು ಕಾರಣ ಹೇಳಿದೆ: ಈ ರಿವಾಲ್ವರೇ ಹಾಗೆ, ಎಡಕ್ಕೆ ಹೊಡೆಯುತ್ತೆ, ಮೊದಲಿಂದಲೂ ಗೊತ್ತು, ಅದಕ್ಕೇ ನಾನು ಸ್ವಲ್ಪ ಬಲಕ್ಕೆ ಗುರಿ ಹಿಡಿಯುತ್ತೇನೆ. ಸುಬೇದಾರರು ತಲೆ ಆಡಿಸಿದರು. ನನ್ನ ರಿವಾಲ್ವರ್ ತೆಗೆದುಕೊಂಡು ತಾವೇ ಐದು ಹೊಡೆದರು. ಐದೂ ನಡುವಿನಲ್ಲಿ, ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ. ಏನೂ ಅನ್ನಲಿಲ್ಲ. ಬೆನ್ನು ತಿರುಗಿಸಿ ನಿಂತು ಸಿಲಿಂಡರಿಗೆ ತೋಟೆ ತುಂಬಿ, ಒಂದು ಸುತ್ತು ತಿರುಗಿಸಿ ಮುಚ್ಚಿ ನನ್ನ ಕೈಗೆ ಕೊಟ್ಟರು. "ಹೊಡೀರಿ ಸರ್, ಎಂದಿನ ಹಾಗೆ."

ಮೊದಲನೆಯದು ಢಂ ಅಂತು. ಎರಡನೆಯದೂ. ಮೂರನೆಯದಕ್ಕೆ ಕುದುರೆ ಬಿತ್ತು, ಸದ್ದಾಗಲಿಲ್ಲ. ಒಳಗಿದ್ದುದು ಹೊಡೆದು ಖಾಲಿಯಾದ ತೋಟೆ. ಸದ್ದಾಗದಿದ್ದರೂ ನಳಿಗೆಯ ಮೂತಿ ಮಾತ್ರ ಸಲಾಮು ಹೊಡೆದ ಹಾಗೆ ನಾಲ್ಕು ಬೆರಳು ಕೆಳಗೆ ಬಾಗಿತು. ನನ್ನ ಕೈ ಅದನ್ನು ಬಾಗಿಸಿತ್ತು. ಭುಜ ಮುಂದೆ ಬಂದಿತ್ತು, ಕಣ್ಣು ಮುಚ್ಚಿತ್ತು. ಇನ್ನೂ ಹುಟ್ಟದ ಒದೆತಕ್ಕೆ, ಆಗದ ಸದ್ದಿಗೆ, ಮೂವತ್ತೊಂದು ವರ್ಷದ ಈಡುಗಾರ ಬೆಚ್ಚಿದ್ದ.

ಹಿಂದೆ ನಿಂತಿದ್ದ ನಾಲ್ವರೂ ನೋಡಿದರು. ಯಾರೂ ನಗಲಿಲ್ಲ. ತಮ್ಮ ಸರದಿ ಬರುತ್ತದೆ ಅಂತ ಅವರಿಗೆ ಅಷ್ಟರಲ್ಲೇ ಹೊಳೆದಿತ್ತು ಅನಿಸುತ್ತದೆ.

ಇದರಲ್ಲಿ ನನ್ನನ್ನು ಕೊರೆದದ್ದು ಬೆಚ್ಚಿದ್ದಲ್ಲ. ಅಷ್ಟು ಸದ್ದು ಅಂಗೈಯಲ್ಲೇ ಆದರೆ ಯಾರ ಮೈಯೂ ಬೆಚ್ಚುತ್ತದೆ. ಕೊರೆದದ್ದು ಆ 'ರಿವಾಲ್ವರೇ ಎಡಕ್ಕೆ ಹೊಡೆಯುತ್ತೆ' ಅನ್ನುವ ಮಾತು. ಅದನ್ನು ನಾನು ಮಗನಿಗೆ ಹೇಳಿದ್ದೆ, ಬೇಟೆಯ ಕತೆ ಹೇಳುವಾಗ ನಿಮ್ಮಲ್ಲಿ ಕೆಲವರಿಗೂ ಹೇಳಿದ್ದೆ. ತಪ್ಪನ್ನು ತಿದ್ದುವ ಬದಲು ಬಲಕ್ಕೆ ಗುರಿ ಹಿಡಿದು ತಪ್ಪಿನ ಜೊತೆ ರಾಜಿ ಮಾಡಿಕೊಂಡು, ಆ ರಾಜಿಗೆ ಅನುಭವ ಅಂತ ಹೆಸರಿಟ್ಟಿದ್ದೆ. ಗುಂಡು ಹಾರುವಾಗ ಈ ದೋಷ ಕಾಣುವುದಿಲ್ಲ, ಒದೆತ ಅದನ್ನು ಮರೆಸುತ್ತದೆ. ನಾನೊಬ್ಬನೇ ಇನ್ನೂ ಮೂವತ್ತು ವರ್ಷ ಹೊಡೆದಿದ್ದರೂ ನನಗೆ ಕಾಣುತ್ತಿರಲಿಲ್ಲ. ಒಂದು ಖಾಲಿ ತೋಟೆ ಬೇಕಿತ್ತು, ಪಕ್ಕದಲ್ಲಿ ನಿಂತು ನೋಡುವ ಒಂದು ಜೊತೆ ಕಣ್ಣು ಬೇಕಿತ್ತು.

ಹೊಸಬನಾಗಿದ್ದರೆ ಒಂದು ದಿನದ ಕೆಲಸ. ನನಗೆ ಉಳಿದ ಎರಡು ದಿನವೂ ಸಾಲಲಿಲ್ಲ. ಮನೆಗೆ ಬಂದ ಮೇಲೆ ನಾಲ್ಕು ತಿಂಗಳು, ದಿನಾ ರಾತ್ರಿ ಹತ್ತು ನಿಮಿಷ, ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಆರು ತೂತಿಗೂ ಡಮ್ಮಿ ತುಂಬಿ, ಕಲ್ಲಿನ ಗೋಡೆಗೆ ಗುರಿ ಹಿಡಿದು ಟ್ರಿಗರ್ ಎಳೆದಿದ್ದೇನೆ. ಮುಂದಿನ ಸೈಟಿನ ಮೇಲೆ ನಾಲ್ಕಾಣೆ ನಾಣ್ಯ ಇಟ್ಟು, ಅದು ಬೀಳದ ಹಾಗೆ ಎಳೆಯಬೇಕು. ಹೆಂಡತಿ ಮೊದಲು ಹೆದರಿದಳು, ಆಮೇಲೆ ಬಿದ್ದ ನಾಣ್ಯ ಎತ್ತಿಕೊಡತೊಡಗಿದಳು.

ಸಣ್ಣ ವಿಷಯವೆಂದು ಬಿಡಬೇಡಿ, ಕಣ್ಣಿನ ಬಗ್ಗೆ ಒಂದಿಷ್ಟು ಹೇಳಬೇಕು. ನಮ್ಮಲ್ಲಿ ಐವತ್ತು ದಾಟದವರು ಯಾರಿದ್ದೀರಿ? ನನಗೆ ಒಂದೇ ಗಾಜಿನಲ್ಲಿ ದೂರವೂ ಹತ್ತಿರವೂ ಕಾಣುವ ಕನ್ನಡಕ. ದೂರಕ್ಕೆ ಮೇಲಿನ ಭಾಗ, ಓದಲು ಕೆಳಗಿನ ಭಾಗ. ರಿವಾಲ್ವರಿನ ಮುಂದಿನ ಸೈಟು ಇರುವುದು ಎರಡಕ್ಕೂ ಸೇರದ ಜಾಗದಲ್ಲಿ, ಕೈ ಚಾಚಿದ ದೂರದಲ್ಲಿ. ಅದು ಸ್ಪಷ್ಟ ಕಾಣಲಿ ಅಂತ ನಾನು ಗೊತ್ತಿಲ್ಲದೆಯೇ ಗದ್ದ ಎತ್ತುತ್ತಿದ್ದೆನಂತೆ. ಗದ್ದ ಎತ್ತಿದರೆ ಕತ್ತು ಬಿಗಿ, ಕತ್ತು ಬಿಗಿದರೆ ಭುಜ ಬಿಗಿ. ಇದನ್ನು ಕಂಡುಹಿಡಿದದ್ದೂ ಪಕ್ಕದಲ್ಲಿ ನಿಂತಿದ್ದವರೇ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಕೈ ಚಾಚಿ ಹೆಬ್ಬೆರಳು ತೋರಿಸಿ, ಇಷ್ಟು ದೂರಕ್ಕೆ ಒಂದು ಕನ್ನಡಕ ಕೊಡಿ ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ವಿಚಿತ್ರವಾಗಿ ನೋಡಿ, ಕೊಟ್ಟರು. ಪೊರೆ ತೆಗೆಸಿಕೊಂಡವರು ಯಾವ ಕಣ್ಣು ಈಗ ಮುಂದಾಳು ಅಂತ ಮತ್ತೊಮ್ಮೆ ಪರೀಕ್ಷೆ ಮಾಡಿಕೊಳ್ಳಿ, ಅದು ಬದಲಾಗಿರಬಹುದು.

ಕಿವಿಯ ಮಾತು ಎತ್ತುವುದೇ ಬೇಡ. ಬಲಗೈ ಈಡುಗಾರನ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ. ಮದುವೆ ಮನೆಗಳಲ್ಲಿ ನಾವೆಲ್ಲ ಬಲಗಿವಿ ಮುಂದೆ ಮಾಡಿಕೊಂಡು ಕೂರುವುದನ್ನು ಅಡುಗೆಯವರೂ ಗಮನಿಸಿದ್ದಾರೆ.

ಕುದುರೆ ಎಳೆದಿಟ್ಟು ಹೊಡೆಯುವ ಅಭ್ಯಾಸದ ಬಗ್ಗೆ ಮಾತ್ರ ಜಗಳ ಮಾಡಲು ಸಿದ್ಧನಿದ್ದೇನೆ. ನಾವೆಲ್ಲ ಹೆಬ್ಬೆರಳಲ್ಲಿ ಕುದುರೆಯನ್ನು ಹಿಂದೆ ಎಳೆದು, ಆಮೇಲೆ ನಿಧಾನವಾಗಿ ಟ್ರಿಗರ್ ಮುಟ್ಟುವವರು. ಟ್ರಿಗರ್ ಹಗುರಾಗುತ್ತದೆ, ಗುರಿ ಚೆನ್ನಾಗಿ ಬೀಳುತ್ತದೆ. ಗೋಡೆಗೆ ಅಂಟಿಸಿದ ಕಾಗದಕ್ಕೆ ಅದು ಸರಿ. ಅಂಗಳದಲ್ಲಿ ಯಾರೋ ನಿಂತಿದ್ದಾರೆ, ಕೈ ನಡುಗುತ್ತಿದೆ ಎನ್ನುವಾಗ ಎಳೆದಿಟ್ಟ ಕುದುರೆ ಒಂದು ಸೀನಿಗೂ ಬೀಳುತ್ತದೆ. ಆಮೇಲೆ ಅದನ್ನು ಹೊಡೆಯದೆ ಇಳಿಸಬೇಕೆಂದರೆ, ತುಂಬಿದ ತೋಟೆಯ ಮೇಲೆ, ಬೆವರಿದ ಹೆಬ್ಬೆರಳಲ್ಲಿ, ಟ್ರಿಗರ್ ಒತ್ತಿಕೊಂಡೇ ಇಳಿಸಬೇಕು. ಅಮೆರಿಕದ ಕೆಲವು ದೊಡ್ಡ ಪೊಲೀಸ್ ಪಡೆಗಳು ಇದೇ ಕಾರಣಕ್ಕೆ ತಮ್ಮ ರಿವಾಲ್ವರ್‌ಗಳಲ್ಲಿ ಕುದುರೆ ಎಳೆದಿಡಲು ಬಾರದ ಹಾಗೆಯೇ ಮಾಡಿಸಿದವು. ಉದ್ದವಾಗಿ, ಭಾರವಾಗಿ, ಒಂದೇ ಎಳೆತದಲ್ಲಿ ಟ್ರಿಗರ್ ಎಳೆಯುವುದನ್ನು ಕಲಿಯಬೇಕು. ಕಷ್ಟ. ನನ್ನ ತೋರುಬೆರಳು ಎರಡು ವಾರ ನೋಯಿತು. ತಾತನ ಕಾಲದ ರಿವಾಲ್ವರ್ ಇರುವವರಿಗೆ ಇನ್ನೊಂದು ಮಾತು. ಹಳೆಯ ಕೆಲವು ಮಾದರಿಗಳಲ್ಲಿ ಕುದುರೆ ನೇರವಾಗಿ ತೋಟೆಯ ಮೇಲೇ ಕೂತಿರುತ್ತದೆ. ಕೈಜಾರಿ ಬಿದ್ದರೂ ಗುಂಡು ಹಾರಬಹುದು. ಒಮ್ಮೆ ಬಲ್ಲವರಿಗೆ ತೋರಿಸಿ.

ಮೂರನೇ ದಿನ ಸಂಜೆ ಕತ್ತಲಾದ ಮೇಲೆ ನಡೆದದ್ದನ್ನು ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ.

ಮನುಷ್ಯರ ಚಿತ್ರಗಳಿರುವ ಹಾಳೆಗಳು. ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ರಿವಾಲ್ವರ್. ಸೀಟಿ ಊದಿದಾಗ ತಿರುಗಿ, ಟಾರ್ಚು ಹಾಕಿ, ಹೊಡೆಯಬೇಕೋ ಬೇಡವೋ ತೀರ್ಮಾನಿಸಬೇಕು. ಮೊದಲ ಚಿತ್ರದವನ ಕೈಯಲ್ಲಿ ಕತ್ತಿ ಇತ್ತು, ಹೊಡೆದೆ. ಎರಡು ಗುಂಡಿನಲ್ಲಿ ಒಂದು ತಾಗಿತು. ಎರಡನೆಯವನು ಕೈ ಮುಂದೆ ಚಾಚಿದ್ದ, ಕಪ್ಪಗೆ ಏನೋ ಹೊಳೆಯಿತು. ಹೊಡೆದೆ. ಈ ಸಲ ಗುರಿ ತಪ್ಪಲಿಲ್ಲ, ಎದೆಯ ನಡುವಿಗೇ ಬಿತ್ತು. ಲೈಟು ಹಾಕಿದರು. ಅವನ ಕೈಯಲ್ಲಿದ್ದದ್ದು ಮೊಬೈಲು.

ನಮ್ಮ ಮನೆಯಲ್ಲಿ ರಾತ್ರಿ ಪಂಪ್‌ಸೆಟ್ಟಿನ ಸ್ವಿಚ್ ಹಾಕಲು ಕೂಲಿ ಲೈನಿನ ಹುಡುಗ ಮೊಬೈಲಿನ ಬೆಳಕಲ್ಲಿ ಅಂಗಳ ದಾಟಿ ಹೋಗುತ್ತಾನೆ. ವಾರಕ್ಕೆ ಮೂರು ಸಲ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಸುಬೇದಾರರು ಸಮಾಧಾನಕ್ಕೆಂಬಂತೆ ಒಂದು ಲೆಕ್ಕ ಹೇಳಿದರು, ಆಮೇಲೆ ನಾನೂ ಹುಡುಕಿ ಓದಿದೆ. ನ್ಯೂಯಾರ್ಕ್ ಪೊಲೀಸರ ಗುಂಡಿನ ಪ್ರಕರಣಗಳನ್ನು ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2008ರ ವರದಿಯಲ್ಲಿ ಲೆಕ್ಕ ಹಾಕಿದೆ. ಎರಡೂ ಕಡೆಯಿಂದ ಗುಂಡು ಹಾರುವಾಗ ಪೊಲೀಸರು ಹೊಡೆದದ್ದರಲ್ಲಿ ಗುರಿ ತಾಗಿದ್ದು ನೂರಕ್ಕೆ 18. ಎದುರಿನವನು ತಿರುಗಿ ಹೊಡೆಯದಿದ್ದಾಗಲೂ ಬರೀ 30. ಅವರು ಸಂಬಳ ತೆಗೆದುಕೊಂಡು ತರಬೇತಿ ಪಡೆದವರು. ಉಳಿದ ಗುಂಡುಗಳೆಲ್ಲ ಎಲ್ಲಿಗೋ ಹೋದವಲ್ಲ, ಗೋಡೆಗೆ, ಕಾರಿಗೆ, ಬೀದಿಗೆ. ನಮ್ಮಲ್ಲಾದರೆ ಕೂಲಿ ಲೈನಿನ ಹೆಂಚಿಗೆ. ವರ್ಷಕ್ಕೆ ಆರು ಗುಂಡು ಹೊಡೆಯುವ ನಾನು ಯಾವ ಧೈರ್ಯದಲ್ಲಿ ದಿಂಬಿನ ಪಕ್ಕ ಇದನ್ನಿಟ್ಟುಕೊಂಡು ಮಲಗಿದ್ದೆ?

ಕಾನೂನಿನ ಪಾಠಕ್ಕೆ ಒಬ್ಬ ವಕೀಲರು ಬಂದಿದ್ದರು. ಎಲ್ಲರ ಮನಸ್ಸಿನಲ್ಲಿದ್ದದ್ದನ್ನೇ ನಾನು ಕೇಳಿದೆ: ಮೆಣಸು ಕದಿಯಲು ಬಂದವನು ಚೀಲ ಹೊತ್ತು ಓಡುತ್ತಿದ್ದಾನೆ, ಏನು ಮಾಡಬಹುದು? "ಅವನ ಬೆನ್ನು ನಿಮ್ಮ ಕಡೆ ಇದೆಯಾ? ಹಾಗಾದರೆ ಪೊಲೀಸರಿಗೆ ಫೋನು ಮಾಡಬಹುದು" ಎಂದರು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಅಲ್ಲಿಲ್ಲ. ಆಸ್ತಿಗಾಗಿ ಪ್ರಾಣ ತೆಗೆಯುವ ಮಟ್ಟಕ್ಕೆ ಆ ಹಕ್ಕು ಹೋಗುವುದು ದರೋಡೆ, ರಾತ್ರಿ ಮನೆ ಒಡೆಯುವುದು, ಮನೆಗೆ ಬೆಂಕಿ, ಜೀವಕ್ಕೆ ಅಪಾಯವೆಂದು ನ್ಯಾಯವಾಗಿ ಹೆದರುವಂಥ ಕಳ್ಳತನ, ಇಂಥವಕ್ಕೆ ಮಾತ್ರ. ಒಂದು ಚೀಲ ಮೆಣಸು ಆ ಪಟ್ಟಿಯಲ್ಲಿ ಬರುವುದಿಲ್ಲ. ಆನೆಯ ಮಾತೂ ಬಂತು. .32 ರಿವಾಲ್ವರಿಗೂ ಆನೆಗೂ ಏನೂ ಸಂಬಂಧವಿಲ್ಲ ಅಂತ ಅರಣ್ಯಾಧಿಕಾರಿಗಳೇ ಹೇಳಿ ಮುಗಿಸಿದರು. ತಾಗಿದರೆ ಅದು ಗಾಯಗೊಂಡು ಪಕ್ಕದ ತೋಟದವನನ್ನು ತುಳಿಯುತ್ತದೆ, ನೀವು ಜೈಲಿಗೆ ಹೋಗುತ್ತೀರಿ.

ಈಗ ನಿಮ್ಮ ತಕರಾರುಗಳು. ಬರೆಯುವ ಮುಂಚೆ ನಾಲ್ಕಾರು ಜನರ ಹತ್ತಿರ ಮಾತಾಡಿದ್ದೇನೆ, ಹಾಗಾಗಿ ಗೊತ್ತು.

ಪೊಲೀಸರ ನಾಗರಿಕ ಬಂದೂಕು ತರಬೇತಿ ಆಗಿದೆಯಲ್ಲ, ಸರ್ಟಿಫಿಕೇಟು ಇದೆಯಲ್ಲ ಅನ್ನುತ್ತೀರಿ. ಒಳ್ಳೆಯದು, ನಾನೂ ಮಾಡಿದ್ದೇನೆ. ಅಲ್ಲಿ ನನ್ನ ಕೈಗೆ ಕೊಟ್ಟದ್ದು ಉದ್ದ ಬಂದೂಕು. 2016ರ ಆಯುಧ ನಿಯಮಗಳು ಹೊಸದಾಗಿ ಲೈಸೆನ್ಸ್ ಕೇಳುವವರಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು ಅನ್ನುತ್ತವೆ. ಅದಕ್ಕೂ ಮುಂಚೆ ಲೈಸೆನ್ಸ್ ಪಡೆದ ನಮ್ಮನ್ನು ಯಾರೂ ಕೇಳಲಿಲ್ಲ, ರಿವಾಲ್ವರ್ ಕಲಿಯಲು ನಾವೂ ಹೋಗಲಿಲ್ಲ.

ತೋಟೆ ತುಟ್ಟಿ, ಸಿಗುವುದೂ ಲೆಕ್ಕದಲ್ಲಿ. ನಿಜ. ಆದರೆ ನಾಲ್ಕು ದಿನದಲ್ಲಿ ನಾನು ಹೊಡೆದದ್ದು ತೊಂಬತ್ತು ಮಾತ್ರ. ಉಳಿದದ್ದೆಲ್ಲ ಖಾಲಿ ಅಭ್ಯಾಸ. ಲೈಸೆನ್ಸ್ ಬೇಡದ .177 ಏರ್ ಪಿಸ್ತೂಲಿನಲ್ಲಿ ಮನೆಯ ಹಿಂದಿನ ಶೆಡ್ಡಿನೊಳಗೇ ಅಭ್ಯಾಸ ಮಾಡಬಹುದು. ಸ್ಪರ್ಧೆಯ ಹಾಳೆಯಲ್ಲಿ ಹತ್ತು ಅಂಕದ ವೃತ್ತ ಎಷ್ಟಿದೆ ಗೊತ್ತೇ, 11.5 ಮಿಲಿಮೀಟರ್. ಒಂದು ಅಂಗಿ ಗುಂಡಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ, ದಿವ್ಯಾ ಟಿ.ಎಸ್. ಇಂಥ ಗುಂಡಿಗೆ ಹೊಡೆದು ಹೊಡೆದೇ ದೊಡ್ಡ ಕೂಟಗಳಲ್ಲಿ ಪದಕ ತಂದವರು.

ಈ ವಯಸ್ಸಿನಲ್ಲಿ ಇನ್ನೊಬ್ಬನ ಕೈಕೆಳಗೆ ನಿಲ್ಲುವುದೇ ಅನ್ನುವುದು ನಿಜವಾದ ತಕರಾರು, ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಪಿಸ್ತೂಲ್ ಸ್ಪರ್ಧಿ ಮನು ಭಾಕರ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋಗುವಾಗಲೇ ವಿಶ್ವಕಪ್‌ಗಳಲ್ಲಿ ಚಿನ್ನ ಗೆದ್ದಾಕೆ. ಅಲ್ಲಿ ಬರಿಗೈ. ಕೋಚ್ ಜಸ್ಪಾಲ್ ರಾಣಾ ಜೊತೆ ಮಾತು ಮುರಿದಿತ್ತು. 2023ರಲ್ಲಿ ಆಕೆಯೇ ಮತ್ತೆ ಅವರ ಬಳಿ ಹೋದಳು. ಮರುವರ್ಷ ಪ್ಯಾರಿಸ್‌ನಲ್ಲಿ ಎರಡು ಕಂಚು. ಸ್ಪರ್ಧೆಯ ನಡುವೆ ಗ್ಯಾಲರಿಯಲ್ಲಿರುವ ಕೋಚ್ ಕಡೆ ತಿರುಗಿ ನೋಡುವವರಿಗೆ ಪಿಸ್ತೂಲು ಹಿಡಿಯಲು ಬರುವುದಿಲ್ಲ ಅಂತ ಯಾರೂ ಅನ್ನಲಿಲ್ಲವಲ್ಲ.

ಕಲಿಸುವವರನ್ನು ಆರಿಸುವಾಗ ಮಾತ್ರ ಎಚ್ಚರ. ಸಿನಿಮಾ ಪೊಲೀಸರ ಹಾಗೆ ಕಪ್ಪು ಕನ್ನಡಕ ಹಾಕಿ, ಉರುಳಾಡಿ ಗುಂಡು ಹಾರಿಸಿ, ವಿಡಿಯೋ ಮಾಡಿಕೊಡುವವರೂ ಇದ್ದಾರೆ. ಅಂಥ ಕಡೆ ನಾನು ಅರ್ಧ ದಿನ ಕಳೆದು ವಾಪಸು ಬಂದಿದ್ದೇನೆ. ಅಲ್ಲಿ ಮೊದಲ ಹತ್ತು ನಿಮಿಷದಲ್ಲಿ ಯಾರೂ ನನ್ನ ಆಯುಧ ಖಾಲಿಯಿದೆಯೇ ಅಂತ ನೋಡಲಿಲ್ಲ. ಒಳ್ಳೆಯವರು ನಿಮ್ಮನ್ನು ಹೊಗಳುವ ಮೊದಲು ನಿಮ್ಮ ಸಿಲಿಂಡರ್ ಬಿಚ್ಚಿಸುತ್ತಾರೆ. ರೇಂಜಿಗೆ ಪರವಾನಗಿ ಇದೆಯೇ, ರಕ್ತ ನಿಲ್ಲಿಸುವ ಸಾಮಾನಿರುವ ಪೆಟ್ಟಿಗೆ ಕೈಗೆಟಕುವಲ್ಲಿ ಇದೆಯೇ ನೋಡಿ.

ನಮ್ಮ ಐವರಲ್ಲಿ ಪೆಟ್ರೋಲ್ ಬಂಕಿನವರು ನಾಲ್ಕನೇ ದಿನ ಮುಗಿದ ಮೇಲೆ ತಮ್ಮ ರಿವಾಲ್ವರನ್ನು ಮಾರಿ, ಲೈಸೆನ್ಸನ್ನೂ ಹಿಂತಿರುಗಿಸಿದರು. ದುಡ್ಡನ್ನು ಬ್ಯಾಂಕಿನವರೇ ಬಂದು ತೆಗೆದುಕೊಂಡು ಹೋಗುವ ವ್ಯವಸ್ಥೆ ಮಾಡಿಕೊಂಡರಂತೆ. "ನನಗೆ ಇದನ್ನು ಇಟ್ಟುಕೊಳ್ಳೋಕೆ ಎಷ್ಟು ಕಲೀಬೇಕು ಅಂತ ಗೊತ್ತಾಯ್ತು, ಅಷ್ಟು ಪುರುಸೊತ್ತಿಲ್ಲ" ಎಂದರು. ಆ ತರಬೇತಿಯಿಂದ ಎಲ್ಲರಿಗಿಂತ ಹೆಚ್ಚು ಕಲಿತವರು ಅವರೇ ಇರಬೇಕು ಅಂತ ನನಗೆ ಈಗಲೂ ಅನಿಸುತ್ತದೆ. ನಾನು ಇಟ್ಟುಕೊಂಡಿದ್ದೇನೆ. ಆದರೆ ದಿಂಬಿನ ಪಕ್ಕದಿಂದ ಅದು ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಗೆ ಹೋಗಿದೆ. ಮೊಮ್ಮಗ ರಜಕ್ಕೆ ಬಂದಾಗ ಬೀಗದ ಕೈ ನನ್ನ ಉಡಿದಾರದಲ್ಲಿ.

ಕಾಫಿ ಕುಯ್ಲು, ಮೆಣಸು ಎಲ್ಲ ಮುಗಿದ ಮೇಲೆ, ಹೂಮಳೆಗೆ ಮುಂಚೆ, ಸುಬೇದಾರರು ಮತ್ತೆ ನಾಲ್ಕು ದಿನ ಕೊಡುತ್ತೇನೆ ಅಂದಿದ್ದಾರೆ. ಎಂಟು ಜನಕ್ಕೆ ಜಾಗ. ನನ್ನದೊಂದು ಹೋದರೆ ಏಳು. ಬರುವವರು ಲೈಸೆನ್ಸ್ ಪುಸ್ತಕ ತನ್ನಿ. ಅದರ ವ್ಯಾಪ್ತಿ ಜಿಲ್ಲೆಗೋ ರಾಜ್ಯಕ್ಕೋ ಈಗಲೇ ನೋಡಿಕೊಳ್ಳಿ, ಜಿಲ್ಲೆಗೆ ಮಾತ್ರ ಇದ್ದರೆ ಮೊದಲೇ ಡಿ.ಸಿ. ಆಫೀಸಿಗೆ ಅರ್ಜಿ ಹಾಕಬೇಕು. ಕಿವಿಗೆ ಮುಚ್ಚಳ ಅಲ್ಲೇ ಕೊಡುತ್ತಾರೆ. ಕನ್ನಡಕ ಮಾತ್ರ ಮಾಡಿಸಿಕೊಂಡೇ ಬನ್ನಿ, ಕೈ ಚಾಚಿ ಹೆಬ್ಬೆರಳು ತೋರಿಸಿದರೆ ಡಾಕ್ಟರಿಗೆ ಅರ್ಥವಾಗುತ್ತದೆ. ಹೊಡೆದ ಖಾಲಿ ತೋಟೆಗಳಿದ್ದರೆ ಬಿಸಾಡಬೇಡಿ, ಒಂದಷ್ಟು ತನ್ನಿ. ನಿಮ್ಮ ಸಿಲಿಂಡರಿಗೆ ಅವನ್ನು ತುಂಬಿಕೊಡುವ ಕೆಲಸ ಈ ಸಲ ನನ್ನದಂತೆ.

ಇತಿ ನಿಮ್ಮವನೇ ಆದ,
ಹಾನುಬಾಳು ಕಡೆಯ ಒಬ್ಬ ಬೆಳೆಗಾರ